ಸೀಸದ ಸುರುಳಿ, ಆರಿದ ಸಜ್ಜಿಗೆ

ನಾನು ಆ ದಿನ ಕೈ ಎತ್ತಿದ್ದೇ ತಪ್ಪು ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾರೆ. ಕಾನ್ವೆಂಟಿನಲ್ಲಿ ಕಲಿತವಳು ಮತ್ತೆ ಹೇಗೆ ಮಾತಾಡಲು ಕೇಳಬೇಕಿತ್ತು? ಬಲಗೈಯನ್ನು ಕಿವಿಗೆ ತಾಗುವಂತೆ ನೆಟ್ಟಗೆ ಎತ್ತಿ, ಕರೆಯುವವರೆಗೆ ಕಾಯುವುದು. ನಾನು ಹಾಗೇ ಮಾಡಿದೆ. ಎತ್ತಿದ ಕೈಯಲ್ಲಿ ಸೌಟು ಇತ್ತು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ನಾವು ನೆಲೆಸಿದ ಪರದೇಶದ ಎಟೋಬಿಕೋಕಿನಲ್ಲಿ, ಸರೋವರದ ದಂಡೆಗೆ ಇರುವ ಒಂದು ಕಾಂಡೋದ, ಎಂದರೆ ಫ್ಲಾಟುಗಳ ಕಟ್ಟಡದ, ಪಾರ್ಟಿ ರೂಮಿನಲ್ಲಿ ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ನಾವು ಕನ್ನಡದವರು ಸೇರುತ್ತೇವೆ. ಹೆಚ್ಚಿನವರು ಕೆಲಸದಿಂದ ನಿವೃತ್ತರಾದವರು. ಡಾಕ್ಟರುಗಳು, ಎಂಜಿನಿಯರುಗಳು, ಕಾಲೇಜಿನಲ್ಲಿ ಪಾಠ ಮಾಡಿದವರು. ಮೊದಲು ಅರ್ಧ ಗಂಟೆ ಒಬ್ಬರ ಭಾಷಣ, ಆಮೇಲೆ ತಿಂಡಿ. ಭಾಷಣ ಗಂಡಸರದು, ತಿಂಡಿ ಹೆಂಗಸರದು. ಹೀಗೆಂದು ಯಾರೂ ಗೋಡೆಯ ಮೇಲೆ ಬರೆದು ಹಾಕಿಲ್ಲ. ಬರೆದು ಹಾಕದ್ದನ್ನು ಅಳಿಸುವುದು ಹೆಚ್ಚು ಕಷ್ಟ, ಅಷ್ಟೇ.

ಆ ರೂಮಿಗೂ ಅದರ ಅಡಿಗೆಮನೆಗೂ ನಡುವೆ ಒಂದು ಅಗಲವಾದ ಕಿಂಡಿ ಇದೆ, ತಟ್ಟೆಗಳನ್ನು ಆಚೆ ದಾಟಿಸುವುದಕ್ಕೆ. ಮಂಡಿ ಚಿಪ್ಪಿನ ಆಪರೇಷನ್ನು, ಅಣೆಕಟ್ಟು ಕಟ್ಟುವ ವಿಧಾನ, ಪಿಂಚಣಿಯ ತೆರಿಗೆ ಎಲ್ಲವನ್ನೂ ನಾನು ಕೇಳಿದ್ದು ಆ ಕಿಂಡಿಯಿಂದ. ಎಲ್ಲವೂ ಅರ್ಧರ್ಧ. ಕೊಲೆಸ್ಟರಾಲ್ ಏರಿದರೆ ಏನಾಗುತ್ತದೆಂದು ನನಗೆ ಗೊತ್ತು, ಇಳಿಸುವುದು ಹೇಗೆಂದು ಗೊತ್ತಿಲ್ಲ. ಅಷ್ಟು ಹೊತ್ತಿಗೆ ಯಾರೋ ಮೈಕ್ರೋವೇವ್ ಹಾಕಿದ್ದರು.

ನನ್ನ ಪಾಲಿನ ತಿಂಡಿ ಪತ್ರೊಡೆ. ಕೆಸುವಿನ ಎಲೆಗೆ ಅಕ್ಕಿಹಿಟ್ಟು ಬಳಿದು, ಎಲೆಯ ಮೇಲೆ ಎಲೆ ಇಟ್ಟು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಎಲೆಗಾಗಿ ನಮ್ಮ ದೇಶದ ತರಕಾರಿ ಸಿಗುವ ಜೆರಾರ್ಡ್ ಬಜಾರಿನವರೆಗೆ ಹೋಗಬೇಕು. ನಮ್ಮ ಸಭೆಯಲ್ಲಿ ನನ್ನ ಹೆಸರಿಗಿಂತ ಪತ್ರೊಡೆಯ ಹೆಸರೇ ದೊಡ್ಡದು. ಕೆಲವರು ನನ್ನನ್ನು ಕರೆಯುವುದೇ ಪತ್ರೊಡೆ ಅಕ್ಕ ಎಂದು.

ಕಳೆದ ಚಳಿಗಾಲದ ಒಂದು ಭಾನುವಾರ, ಭಾಷಣ ಮುಗಿದ ಮೇಲೆ, ಸಭೆ ನಡೆಸುವ ಧಾರವಾಡದ ಕಡೆಯ ಡಾಕ್ಟರು ಎದ್ದು ಕೇಳಿದರು, "ಯುಗಾದಿ ತಿಂಗಳಿಗೆ ಯಾರ್ ಮಾತಾಡ್ತೀರಿ?" ಒಬ್ಬರು ಊರಿಗೆ ಹೋಗುವವರಿದ್ದರು, ಇನ್ನೊಬ್ಬರಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ಆಗ ನಾನು ಕಿಂಡಿಯಿಂದ ಕೈ ಎತ್ತಿದೆ.

ಡಾಕ್ಟರು ಕಂಡರು. "ಏನ್ರಿ ಅಕ್ಕಾರ, ತಿಂಡಿ ರೆಡಿ ಆತೇನು?"

"ತಿಂಡಿ ಅಲ್ಲ ಡಾಕ್ಟ್ರೆ. ನಾನು ಮಾತಾಡ್ತೇನೆ, ಮುಂದಿನ ತಿಂಗಳು."

"ಅರೆ ವಾ! ಪತ್ರೊಡಿ ಹೆಂಗ ಮಾಡೂದು ಅಂತ ಹೇಳ್ತೀರಿ?"

"ಅಲ್ಲ. ಚಾರ್ಜ್ ಮಾಡುವ ಬ್ಯಾಟ್ರಿಯನ್ನು ಮೊದಲು ಕಂಡುಹಿಡಿದ ಒಬ್ಬ ಫ್ರಾನ್ಸಿನವನ ಬಗ್ಗೆ."

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮಗುವೊಂದು ಅಪ್ಪನ ಬೂಟು ಹಾಕಿಕೊಂಡು ನಡುಮನೆಗೆ ಬಂದರೆ ಮನೆಯವರು ನಗುತ್ತಾರಲ್ಲ, ಅಂಥದು. ಕೆಟ್ಟ ನಗುವಾಗಿದ್ದರೆ ನಾನು ಬಿಟ್ಟುಬಿಡುತ್ತಿದ್ದೆನೋ ಏನೋ. ಆ ಪ್ರೀತಿಯ ನಗುವೇ ನನ್ನನ್ನು ಹಟಕ್ಕೆ ಬೀಳಿಸಿದ್ದು.

ಬೆಂಗಳೂರಿನ ಎಂಜಿನಿಯರೊಬ್ಬರಿದ್ದಾರೆ, ಇಲ್ಲಿಯ ಕರೆಂಟು ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಕಿಂಡಿಯವರೆಗೆ ಬಂದು, "ಬ್ಯಾಟರಿ ನನ್ ಸಬ್ಜೆಕ್ಟು ಕಣಮ್ಮ. ಸ್ಲೈಡ್ಸ್ ಎಲ್ಲ ನಾನೇ ಮಾಡ್ಕೊಡ್ತೀನಿ. ನೀವು ನಿಂತ್ಕೊಂಡು ಓದ್ಬಿಡಿ, ಸಾಕು" ಎಂದರು.

"ಬೇಡ" ಎಂದೆ. ನಾನು ಬೇಡವೆನ್ನುವುದು ಮೆಲ್ಲಗೇ. ಮೆಲ್ಲಗೆ ಹೇಳಿದರೆ ಮಾತು ಅರ್ಧ ಒಪ್ಪಿಗೆ ಎಂದು ಜನ ಯಾಕೆ ತಿಳಿಯುತ್ತಾರೋ ನನಗೆ ತಿಳಿಯದು. ಅವರು, "ಯೋಚ್ನೆ ಮಾಡಿ, ಅರ್ಜೆಂಟಿಲ್ಲ" ಎಂದರು. ನಾನು ಮತ್ತೊಮ್ಮೆ, ಅಷ್ಟೇ ಮೆಲ್ಲಗೆ, ಬೇಡವೆಂದೆ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವರು ನನ್ನ ಗಂಡ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದ ಕೂಡಲೇ ಶುರು.

"ಬ್ಯಾಟ್ರಿಯ ಬಗ್ಗೆ ಅರ್ಧ ಗಂಟೆ ಹೇಳ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಒತ್ತಿದ್ರೆ ಹೊತ್ತುತ್ತದೆ. ಸೆಲ್ ಮುಗಿದ್ರೆ ನಂದುತ್ತದೆ."

ನಮ್ಮ ಮಂಗಳೂರಿನ ಕಡೆ ಟಾರ್ಚಿಗೇ ಬ್ಯಾಟ್ರಿ ಎನ್ನುವುದು. ತಿದ್ದದೆ ಬಿಟ್ಟಿದ್ದರೆ ಒಂದು ತಿಂಗಳು ಇವರು ನಾನು ಟಾರ್ಚಿನ ಬಗ್ಗೆ ಭಾಷಣ ಮಾಡುತ್ತೇನೆಂದೇ ಹೆದರಿರುತ್ತಿದ್ದರೋ ಏನೋ.

"ಟಾರ್ಚ್ ಅಲ್ಲ. ಈಗ ನಿಮ್ಮ ಕಾರು ಸ್ಟಾರ್ಟ್ ಆದದ್ದು ಯಾವುದರಿಂದ?"

"ಕೀಯಿಂದ."

"ಆಯ್ತು. ಹಸುರು ಬಿದ್ದಿದೆ, ಬಿಡಿ."

ಆ ಫ್ರಾನ್ಸಿನವನು ನನಗೆ ಪುಸ್ತಕದಿಂದ ಪರಿಚಯವಾದವನಲ್ಲ. ಕಾನ್ವೆಂಟಿನ ಫಿಸಿಕ್ಸ್ ಲ್ಯಾಬಿನ ಮೂಲೆಯಲ್ಲಿ, ಕಿಟಕಿಯ ಕೆಳಗೆ, ದಪ್ಪ ಗಾಜಿನ ಜಾಡಿಗಳ ಒಂದು ಸಾಲು ಇತ್ತು. ಒಳಗೆ ಸೀಸದ ಹಲಗೆಗಳು, ತೆಳು ಆಮ್ಲ; ಅವನು ಕಂಡುಹಿಡಿದ ಬ್ಯಾಟರಿಯ ಜಾತಿಯವೇ. ಪ್ರಯೋಗಗಳಿಗೆಲ್ಲ ಕರೆಂಟು ಬರುತ್ತಿದ್ದದ್ದು ಅವುಗಳಿಂದ. ಶನಿವಾರ ಅವುಗಳಿಗೆ ಬಟ್ಟಿ ಇಳಿಸಿದ ನೀರು ತುಂಬುವ ಕೆಲಸವನ್ನು ಫಿಸಿಕ್ಸ್ ಕಲಿಸುವ ಸಿಸ್ಟರ್ ನನಗೆ ವಹಿಸಿದ್ದರು. ನಾನು ಜಾಣೆ ಎಂದಲ್ಲ, ನನ್ನ ಕೈ ನಡುಗುವುದಿಲ್ಲ ಎಂದು. ಆದರೂ ಎಲ್ಲಿಯೋ ಒಂದು ಹನಿ ಸಿಡಿಯುತ್ತಿತ್ತು. ಆಮ್ಲದ ಹನಿ ಬಿದ್ದಾಗ ಬಟ್ಟೆಯಲ್ಲಿ ಏನೂ ಕಾಣುವುದಿಲ್ಲ. ಒಗೆದು ಒಣಗಿಸಿ ಇಸ್ತ್ರಿ ಹಾಕುವಾಗ ಸಣ್ಣ ಸಣ್ಣ ತೂತುಗಳು ಕಾಣುತ್ತವೆ, ಸಾಸಿವೆ ಕಾಳಿನಷ್ಟು. ಅಮ್ಮ ನನ್ನ ನೀಲಿ ಯೂನಿಫಾರ್ಮಿಗೆ ಒಳಗಿನಿಂದ ನೀಲಿ ನೂಲು ಹಾಕಿ ಹೊಲಿದುಕೊಡುತ್ತಾ, "ಓದ್ಲಿಕ್ಕೆ ಹೋಗುದಾ, ಸುಟ್ಟುಕೊಳ್ಳಿಕ್ಕೆ ಹೋಗುದಾ?" ಎನ್ನುತ್ತಿದ್ದಳು.

ಆ ಸಿಸ್ಟರುಗಳ ಮೂಲಮಠ ಫ್ರಾನ್ಸಿನಲ್ಲಿತ್ತು. ಹಾಗಾಗಿ ಅವನ ಹೆಸರನ್ನು ಸಿಸ್ಟರ್ ಸರಿಯಾಗಿ ಮೂಗಿನಿಂದ ಹೇಳಿ, ನಮ್ಮಿಂದಲೂ ಹೇಳಿಸಿ, ನಾವು ಶೀತವಾದವರ ಹಾಗೆ ಹೇಳಿದಾಗ ನಗುತ್ತಿದ್ದರು. ಅವರು ಹೇಳಿದ ಒಂದು ಮಾತು ಮಾತ್ರ ನನ್ನಲ್ಲಿ ಕೂತುಬಿಟ್ಟಿತು. ಆ ಸೀಸದ ಹಾಳೆ ಹೊಸತರಲ್ಲಿ ಹೆಚ್ಚು ಕರೆಂಟು ಹಿಡಿದಿಟ್ಟುಕೊಳ್ಳುವುದಿಲ್ಲ. ತುಂಬಿಸಬೇಕು, ಖಾಲಿ ಮಾಡಬೇಕು. ಕರೆಂಟಿನ ದಿಕ್ಕು ತಿರುಗಿಸಿ ತುಂಬಿಸಬೇಕು, ಮತ್ತೆ ಖಾಲಿ ಮಾಡಬೇಕು. ಎಷ್ಟು ಸಲ ಹಾಗೆ ಮಾಡುತ್ತೇವೋ ಅಷ್ಟು ಅದರ ಹಿಡಿತ ಹೆಚ್ಚುತ್ತದೆ. ಇದಕ್ಕೆ ಅವನು ಕೊಟ್ಟ ಹೆಸರು ಫಾರ್ಮೇಶನ್. ಕಾನ್ವೆಂಟಿನಲ್ಲಿ ಫಾರ್ಮೇಶನ್ ಎಂದರೆ ಬೇರೆಯೇ: ಹುಡುಗಿಯೊಬ್ಬಳು ಸಿಸ್ಟರ್ ಆಗುವ ಮೊದಲು ಪಡೆಯುವ ವರ್ಷಗಟ್ಟಲೆಯ ತರಬೇತಿ. ಸಿಸ್ಟರ್ ತಮ್ಮ ಎದೆಯ ಮೇಲಿನ ಶಿಲುಬೆಯನ್ನು ಮುಟ್ಟಿ, "ಸೇಮ್ ವರ್ಡ್, ಮೈ ಡಿಯರ್. ಖಾಲಿ ಮಾಡ್ತಾರೆ, ತುಂಬಿಸ್ತಾರೆ. ನನ್ನನ್ನು ಕೇಳು" ಎಂದಿದ್ದರು.

ಇಷ್ಟು ವರ್ಷ ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಗುಟ್ಟೆಂದಲ್ಲ. ಯಾರೂ ಕೇಳಲಿಲ್ಲ, ಅಷ್ಟೇ. ಆ ಅರ್ಧ ಗಂಟೆ ನನಗೆ ಬೇಕಾದದ್ದು ಇದಕ್ಕೆ. ನನಗೆ ಗೊತ್ತಿರುವ ಒಂದು ವಿಷಯವನ್ನು, ಕಿಂಡಿಯ ಆಚೆ ಬದಿಯಲ್ಲಿ ನಿಂತು, ಪೂರ್ತಿಯಾಗಿ ಹೇಳಿ ಮುಗಿಸಬೇಕಿತ್ತು.

ಲೈಬ್ರರಿಗೆ ಹೋಗಿ ಓದಿದೆ. ಅವನು ಬ್ಯಾಟರಿ ಮಾಡಿದ ರೀತಿ ಓದಿದಾಗ ಅಲ್ಲಿಯೇ ಜೋರಾಗಿ ನಕ್ಕುಬಿಟ್ಟೆ, ಪಕ್ಕದ ಮೇಜಿನವರು ತಿರುಗಿ ನೋಡಿದರು. ಎರಡು ಉದ್ದನೆಯ ಸೀಸದ ಹಾಳೆಗಳು, ಒಂದರ ಮೇಲೊಂದು. ನಡುವೆ ರಬ್ಬರಿನ ಪಟ್ಟಿಗಳು. ಎಲ್ಲವನ್ನೂ ಸೇರಿಸಿ ಸುರುಳಿ ಸುತ್ತಿ, ಆಮ್ಲದ ಜಾಡಿಯೊಳಗೆ. ನನ್ನ ಪತ್ರೊಡೆ! ಜಗತ್ತಿನಲ್ಲಿ ಬೇರೆ ಯಾರಿಗೂ ಅದು ಹಾಗೆ ಕಾಣಿಸದು. ಆ ಖುಷಿ ಬಸ್ಸು ಹತ್ತುವವರೆಗೆ ಇತ್ತು. ಹತ್ತಿ ಕೂತ ಮೇಲೆ ಹೊಳೆಯಿತು: ಹಾಗೆಂದು ಹೇಳಿದೆನೋ, ನನ್ನ ಕಥೆ ಮುಗಿಯಿತು. "ನೋಡಿ, ಕೊನೆಗೂ ಪತ್ರೊಡೆಗೇ ಬಂದ್ರು ಅಕ್ಕ" ಎನ್ನುತ್ತಾರೆ. ಅದೇ ಪ್ರೀತಿಯ ನಗು. ಇಲ್ಲ. ಆ ದಿನ ಪತ್ರೊಡೆಯ ಹೆಸರು ನನ್ನ ಬಾಯಿಂದ ಬರಕೂಡದು ಎಂದು ನಿರ್ಧರಿಸಿದೆ. ಪತ್ರೊಡೆಯೂ ಬರಕೂಡದು.

ಇದನ್ನು ಗಂಡನಿಗೆ ಹೇಳಿದಾಗಲೇ ನಿಜವಾದ ಪೇಚು ಶುರುವಾದದ್ದು.

"ಈ ಸಲ ನಾನು ತಿಂಡಿ ಮಾಡುದಿಲ್ಲ" ಎಂದೆ.

"ಅದು ಹೇಗೆ? ಪ್ರತಿ ಮನೆಯಿಂದ ಒಂದು ಐಟಂ ಹೋಗ್ಲೇಬೇಕು."

"ಭಾಷಣ ಮಾಡುವವರು ಇಲ್ಲಿವರೆಗೆ ಯಾರಾದ್ರೂ ತಿಂಡಿ ತಂದದ್ದುಂಟಾ?"

ಇವರು ಯೋಚಿಸಿದರು. ಪ್ರಾಮಾಣಿಕ ಮನುಷ್ಯ. "ಅವರ ಹೆಂಡ್ತಿಯರು ತಂದಿದ್ದಾರೆ" ಎಂದರು.

"ಹಾಂ. ಹಾಗಾದ್ರೆ ಈ ಸಲ ನನ್ನ ಗಂಡ ತರ್ತಾರೆ."

"ನಾನಾ!"

"ನನಗೆ ಬೇರೆ ಗಂಡ ಇಲ್ಲ."

ಅಂಗಡಿಯ ಸಮೋಸ ಒಯ್ಯುತ್ತೇನೆಂದರು. ಹೊರಗಿನದು ನಡೆಯುವುದಿಲ್ಲ, ಡಾಕ್ಟರ ಹೆಂಡತಿ ಆ ವಿಷಯದಲ್ಲಿ ಬಲು ಕಟ್ಟುನಿಟ್ಟು; ಯಾರು ಏನು ತರಬೇಕೆಂದು ನೋಡಿಕೊಳ್ಳುವವರು ಅವರೇ. ಥಾರ್ನ್‌ಹಿಲ್ಲಿನಲ್ಲಿರುವ ನಮ್ಮ ಮಗಳಿಗೆ ಇವರು ಫೋನು ಮಾಡಿ ದೂರಿದರು. ಸ್ಪೀಕರಿನಲ್ಲಿ ಅವಳ ನಗು ಕೇಳಿಸಿತು. "ಅಪ್ಪಾ, ಇಟ್ಸ್ ಓನ್ಲಿ ಫೇರ್. ಜಸ್ಟ್ ಮೇಕ್ ಉಪ್ಪಿಟ್ಟು!" ಅಂತೂ ಇವರು ಡಾಕ್ಟರ ಮನೆಗೆ ಫೋನು ಹಚ್ಚಿ, ಗಂಟಲು ಸರಿಮಾಡಿಕೊಂಡು, "ನಾನು ಸಜ್ಜಿಗೆ ತರ್ತೇನೆ" ಎಂದು ಘೋಷಿಸಿದರು.

ಎರಡು ವಾರ ನಮ್ಮ ಮನೆಯಲ್ಲಿ ಬೆಳಗ್ಗೆ ಸಂಜೆ ಅದೇ. ಮೊದಲನೆಯದು ಪಾಯಸದ ಹಾಗೆ ಹರಿಯಿತು. ಆಮೇಲಿನದು ಬಾಣಲೆಯಿಂದ ಏಳಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ, ಒಳಗೆ ಹೋಗಲಿಲ್ಲ. ರವೆ ಹುರಿಯುವ ವಾಸನೆ ಬದಲಾಗುವ ಕ್ಷಣ ನನ್ನ ಕಾಲು ತಾನಾಗಿ ಮುಂದೆ ಹೋಗುತ್ತಿತ್ತು, ಹಿಂದೆ ಎಳೆದುಕೊಂಡೆ. ಕೊನೆಗೆ ಒಂದು ಬೆಳಗ್ಗೆ ಸಜ್ಜಿಗೆ ಉದುರುದುರಾಗಿ ಬಂತು. ಇವರು ಅದರ ಫೋಟೋ ತೆಗೆದು ಮಗಳಿಗೆ ಕಳಿಸಿದರು.

ಆ ಭಾನುವಾರ ಬಂತು. ಯುಗಾದಿಯ ಹೊಸ್ತಿಲಲ್ಲಿದ್ದರೂ ಕಿಟಕಿಯ ಹೊರಗೆ ಕೊಳಕು ಹಿಮದ ಗುಪ್ಪೆಗಳು. ನಾನು ಒಂದು ಚೀಲ ಮಾತ್ರ ಹಿಡಿದಿದ್ದೆ. ಪಾತ್ರೆಯಿಲ್ಲದೆ ಆ ಬಾಗಿಲು ದಾಟಿದ್ದು ಅದೇ ಮೊದಲು. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತೋಚಲಿಲ್ಲ. ಇವರು ಹಿಂದಿನಿಂದ, ಬಿಸಿ ಪಾತ್ರೆಗೆ ಟವೆಲು ಸುತ್ತಿಕೊಂಡು, ಜಾರುವ ನೆಲದಲ್ಲಿ ಮೆಲ್ಲ ಮೆಲ್ಲ ಬಂದರು.

ಅಡಿಗೆಮನೆಯಲ್ಲಿ ಡಾಕ್ಟರ ಹೆಂಡತಿ ಮುಚ್ಚಳ ತೆರೆದವರು ಹಾಗೇ ನಿಂತರು.

"ಅಯ್ಯ, ಇದ್ರಾಗ ಸಾಸವಿ, ಮೆಣಸಿನಕಾಯಿ ಅದಾವಲ್ರಿ! ಸಜ್ಜಿಗಿ ಅಂದಿದ್ರಿ?"

"ಸಜ್ಜಿಗೆಯೇ ಇದು" ಎಂದರು ಇವರು, ಸ್ವಲ್ಪ ಅಭಿಮಾನದಿಂದಲೇ.

"ಸಜ್ಜಿಗಿ ಅಂದ್ರ ಸಿಹಿ ಅಲ್ಲೇನ್ರಿ? ನಮ್ಮ ಸಜ್ಜಕ ಇದ್ದಂಗ? ಇದಕ್ಕ ಉಪ್ಪಿಟ್ಟು ಅಂತಾರ್ರಿ! ಸಿಹಿ ನಿಮ್ಮದ ಐತಿ ಅಂತ ನಾ ಎಲ್ಲಾರಿಗೂ ಸಿಹಿ ಬ್ಯಾಡ ಅಂದೀನಿ!"

ನಮ್ಮ ಕರಾವಳಿಯಲ್ಲಿ ಖಾರದ ಉಪ್ಪಿಟ್ಟಿಗೆ ಸಜ್ಜಿಗೆ ಎನ್ನುತ್ತೇವೆ. ಘಟ್ಟ ಹತ್ತಿದರೆ ಅದೇ ಶಬ್ದ ಸಿಹಿಯಾಗುತ್ತದೆ. ಇಷ್ಟು ವರ್ಷ ಒಟ್ಟಿಗೆ ತಿಂದವರಿಗೆ ಇದು ಗೊತ್ತಿರಲಿಲ್ಲ, ಯಾಕೆಂದರೆ ಏನು ತರುತ್ತೇವೆಂದು ಫೋನು ಮಾಡುತ್ತಿದ್ದವಳು ನಾನು, ಮತ್ತು ನಾನು ಅವರ ಭಾಷೆಯಲ್ಲಿ ಹೇಳುತ್ತಿದ್ದೆ. ಅಂತೂ ಯುಗಾದಿಯ ಸಭೆಗೆ ಸಿಹಿಯೇ ಇಲ್ಲ. ಅಡಿಗೆಮನೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಅಕ್ಕಾರ, ನೀವ ಏನರ ಮಾಡ್ರಿ. ಗಜ್ಜರಿ ಐತಿ, ಹಾಲೈತಿ, ಚಾದ ಸಕ್ರಿ ಐತಿ, ಕ್ಯಾರೆಟ್ ಹಲ್ವಾ ಆಗ್ತೈತಿ. ನಿಮ್ಮ ಕೈಯಾಗ ಎಷ್ಟೊತ್ತಿನ ಕೆಲಸ? ಭಾಷಣ ಆಮ್ಯಾಲೆ ಮಾಡಿದ್ರಾತು" ಎಂದರು ಡಾಕ್ಟರ ಹೆಂಡತಿ.

ಆಮೇಲೆ ಎಂದರೆ ಏನೆಂದು ಆ ರೂಮಿನಲ್ಲಿ ಎಲ್ಲರಿಗೂ ಗೊತ್ತು. ತಿಂಡಿಯಾದ ಮೇಲೆ ಯಾರೂ ಕೂರುವುದಿಲ್ಲ, ಕೋಟು ಹುಡುಕುತ್ತಾರೆ. ಗೊತ್ತಿದ್ದೂ ನನ್ನ ಕೈ ತಾನಾಗಿ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸುತ್ತಿತ್ತು. ಮನಸ್ಸು ಇನ್ನೂ ಉತ್ತರ ಹುಡುಕುತ್ತಿರುವಾಗ ಕೈ ಒಪ್ಪಿಯೇ ಬಿಟ್ಟಿತ್ತು. ಕೆಳಗೆ ನೋಡಿದೆ. ಸಿಕ್ಕಿಸಿದ ಸೆರಗನ್ನು ಬಿಡಿಸಿ, ನೆರಿಗೆ ಸರಿಮಾಡಿ ಹೆಗಲ ಮೇಲೆ ಹಾಕಿಕೊಂಡೆ.

"ಈ ಯುಗಾದಿಗೆ ಸಿಹಿ ಇಲ್ಲ" ಎಂದೆ. ಮೆಲ್ಲಗೇ ಎಂದೆ. ಚೀಲ ತೆಗೆದುಕೊಂಡು ಕಿಂಡಿಯ ಆಚೆ ಬದಿಗೆ ಹೋದೆ.

ಮೇಜಿನ ಮೇಲೆ, ಸೀಸದ ಬದಲಿಗೆ, ಅಡಿಗೆಮನೆಯ ಅಲ್ಯುಮಿನಿಯಂ ಫಾಯಿಲಿನ ಎರಡು ಉದ್ದ ಹಾಳೆ ಹಾಸಿದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ತಂದಿದ್ದೆ, ಹಳದಿಯದು. ಅವನ್ನು ಎರಡು ಹಾಳೆಗಳ ನಡುವೆ ಇಟ್ಟೆ, ಮೇಲೊಂದಿಷ್ಟು. ಸಿಸ್ಟರ್ ಹೇಳಿದ್ದು ನಿಜ, ಕೈ ನಡುಗಲಿಲ್ಲ.

ಆ ಫ್ರಾನ್ಸಿನವನು ಬ್ಯಾಟರಿ ಮಾಡಲು ಹೊರಟವನೇ ಅಲ್ಲ ಎಂದು ಶುರು ಮಾಡಿದೆ. ಒಂದೊಂದು ಲೋಹಕ್ಕೂ ಕರೆಂಟು ಕೊಟ್ಟು, ನಿಲ್ಲಿಸಿ, ಅದು ಎಷ್ಟನ್ನು ವಾಪಸು ಕೊಡುತ್ತದೆಂದು ನೋಡುತ್ತಾ ಕೂತವನು. ಹೆಚ್ಚು ವಾಪಸು ಕೊಟ್ಟದ್ದು ಸೀಸ, ಹೊಳಪಿಲ್ಲದ, ಭಾರದ, ಉಗುರಿನಿಂದ ಗೀರಿದರೂ ಗೀರು ಬೀಳುವ ಲೋಹ. ಎಳೆಯ ಪ್ರಾಯದಲ್ಲಿ ಪ್ಯಾರಿಸ್ಸಿನ ಹತ್ತಿರ ಮಣ್ಣಿನಲ್ಲಿ ಹಳೇ ಕಾಲದ, ಹಾರಲಾರದ ಒಂದು ದೊಡ್ಡ ಹಕ್ಕಿಯ ಮೂಳೆಯನ್ನೂ ಅವನು ಕಂಡುಹಿಡಿದಿದ್ದ ಎಂದಾಗ ಡಾಕ್ಟರು ಮುಂದೆ ಬಾಗಿ, "ಎಷ್ಟ್ ದೊಡ್ಡದ್ರಿ?" ಎಂದರು. "ನಿಮ್ಮಷ್ಟು ಎತ್ತರ" ಎಂದೆ. ಈ ಸಲ ನಗು ಬೇರೆ ಕಡೆಗೆ ಬಿತ್ತು.

ಎಂಜಿನಿಯರು ನಡುವೆ ಕೈ ಎತ್ತಿ ಅದರ ಕೆಮಿಸ್ಟ್ರಿ ಏನೆಂದು ಕೇಳಿದರು. "ಅದು ನನಗೆ ಪೂರ್ತಿ ಗೊತ್ತಿಲ್ಲ. ನಿಮಗೆ ಗೊತ್ತು. ನನ್ನದು ಮುಗಿದ ಮೇಲೆ ನೀವೇ ಹೇಳಿ" ಎಂದೆ. ಗೊತ್ತಿಲ್ಲ ಎನ್ನುವುದು ಇಷ್ಟು ಸುಲಭವೆಂದು ಮೊದಲೇ ತಿಳಿದಿದ್ದರೆ ಎಷ್ಟೋ ವರ್ಷ ಹಿಂದೆಯೇ ಕಿಂಡಿ ದಾಟುತ್ತಿದ್ದೆ.

ಆಮೇಲೆ ಹಾಳೆಗಳನ್ನು ಸುರುಳಿ ಸುತ್ತತೊಡಗಿದೆ. ಎರಡೂ ಅಂಗೈಯಿಂದ, ಅಂಚು ಸರಿಹೊಂದಿಸಿಕೊಂಡು. ಹಾಗೆ ಸುತ್ತಿ ನನಗೆ ಅಭ್ಯಾಸವಿದೆ, ಅದನ್ನು ಮುಚ್ಚಿಡುವುದು ಹೇಗೆ? ಎಂಜಿನಿಯರು ತೊಡೆ ತಟ್ಟಿಕೊಂಡರು. "ಅಯ್ಯೋ, ಇದು ನಮ್ಮ ಪತ್ರೊಡೆ ಅಲ್ವೇನಮ್ಮಾ!"

ಎಲ್ಲರೂ ನಕ್ಕರು. ಬರಬಾರದೆಂದಿದ್ದ ಹೆಸರು ಬಂದೇಬಿಟ್ಟಿತು, ಅವರ ಬಾಯಿಂದ. ನಗು ನಿಲ್ಲುವವರೆಗೆ ಸುರುಳಿಯನ್ನು ಹಿಡಿದುಕೊಂಡು ನಿಂತೆ.

"ಅಲ್ಲ" ಎಂದೆ. "ಪತ್ರೊಡೆಯಲ್ಲಿ ಎಲೆಗೆ ಎಲೆ ಅಂಟಬೇಕು. ಅಂಟದಿದ್ರೆ ಬಿಚ್ಚಿ ಹೋಗ್ತದೆ. ಇದ್ರಲ್ಲಿ ಒಂದು ಹಾಳೆ ಇನ್ನೊಂದಕ್ಕೆ ತಾಗಿದ್ರೆ ಎಲ್ಲ ಹಾಳು. ಹತ್ತಿರ ಇರ್ಬೇಕು, ಅಂಟಬಾರದು. ಅವನ ಜಾಣತನ ಇದ್ದದ್ದು ಸೀಸದಲ್ಲಿ ಮಾತ್ರ ಅಲ್ಲ, ನಡುವೆ ಇಟ್ಟ ಈ ರಬ್ಬರಿನಲ್ಲಿ."

ಕಿಂಡಿಯಲ್ಲಿ ಸಾಲಾಗಿ ಹೆಂಗಸರ ಮುಖಗಳು ಕಂಡವು. ಯಾರೂ ಮೈಕ್ರೋವೇವ್ ಹಾಕಿರಲಿಲ್ಲ. ಎಂಜಿನಿಯರು, "ಕರೆಕ್ಟು. ಶಾರ್ಟ್ ಆಗತ್ತೆ" ಎಂದು ತಮಗೆ ತಾವೇ ಹೇಳಿಕೊಂಡರು.

ಸುರುಳಿಯನ್ನು ಉಪ್ಪಿನಕಾಯಿಯ ಖಾಲಿ ಜಾಡಿಗೆ ಇಳಿಸಿ ಎತ್ತಿ ತೋರಿಸಿದೆ. ಇನ್ನು ಫಾರ್ಮೇಶನ್ ಒಂದೇ ಉಳಿದದ್ದು. ನಾನು ಬಂದದ್ದೇ ಅದಕ್ಕೆ. ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಸ್ಟೀಲ್ ಲೋಟಕ್ಕೆ ಚಮಚದಿಂದ ಟಣ್ ಟಣ್ ಎಂದು ಬಡಿದರು. ಅದು ತಿಂಡಿಯ ಗಂಟೆ. ಸಿಹಿಯ ಗಲಾಟೆಯಲ್ಲಿ ನಾವು ತಡವಾಗಿ ಶುರು ಮಾಡಿದ್ದೆವು. ನನ್ನ ಅರ್ಧ ಗಂಟೆ ಇನ್ನೂ ಆಗಿರಲಿಲ್ಲ. ಅದರ ಬೆನ್ನಿಗೇ ಕಿಂಡಿಯಿಂದ ನನ್ನ ಗಂಡನ ಮುಖ ಹೊರಬಂತು. ಕಣ್ಣಲ್ಲಿ ನಿಜವಾದ ಸಂಕಟ. ಇಷ್ಟು ವರ್ಷ ಬಿಸಿ ತಟ್ಟೆ ಎದುರಿಗೆ ಬಂದ ಮೇಲೆ ಕನ್ನಡಕ ತೆಗೆದಿಟ್ಟು ತಿನ್ನುವುದೊಂದೇ ಗೊತ್ತಿದ್ದ ಮನುಷ್ಯ.

"ಏ, ಸಜ್ಜಿಗೆ ಆರ್ತಾ ಉಂಟು! ಆರಿದ್ರೆ ಕಲ್ಲಾಗ್ತದೆ ಮಾರಾಯ್ತಿ!"

ಅದು ನನಗೆ ಗೊತ್ತಿಲ್ಲವೇ?

"ಆರಲಿ" ಎಂದೆ.

ಇದನ್ನು ಮಾತ್ರ ನಾನು ಮೆಲ್ಲಗೆ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಎದ್ದಿದ್ದವರು ಮತ್ತೆ ಕುಳಿತರು. ಡಾಕ್ಟರು ಚಮಚವನ್ನು ನೋಡಿದರು, ನನ್ನನ್ನು ನೋಡಿದರು, ಚಮಚ ಕೆಳಗಿಟ್ಟರು. ನಾನು ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿಸಿ ಖಾಲಿ ಮಾಡುವುದರಿಂದ ಶುರು ಮಾಡಿ, ತಿರುಗಿಸಿ ತುಂಬಿಸುವುದನ್ನೂ, ಅದಕ್ಕೆ ಹಿಡಿದ ತಿಂಗಳುಗಳನ್ನೂ, ಖಾಲಿಯಾದಷ್ಟೂ ಹಿಡಿತ ಹೆಚ್ಚಿದ ಸೀಸವನ್ನೂ, ಶಿಲುಬೆ ಮುಟ್ಟಿಕೊಂಡು ನಕ್ಕ ಸಿಸ್ಟರನ್ನೂ, ಯೂನಿಫಾರ್ಮಿನ ಸಾಸಿವೆ ಕಾಳಿನಂಥ ತೂತುಗಳನ್ನೂ, ಒಂದನ್ನೂ ಬಿಡದೆ ಹೇಳಿ ಮುಗಿಸಿದೆ.

ಸಜ್ಜಿಗೆಯನ್ನು ಆ ದಿನ ಚಾಕುವಿನಿಂದ ಕತ್ತರಿಸಿ ಬಡಿಸಬೇಕಾಯಿತು. ಬಡಿಸಿದವರು ಇವರೇ. ನಾನು ಎರಡು ತುಂಡು ತಿಂದೆ, ಕುರ್ಚಿಯಲ್ಲಿ ಕುಳಿತುಕೊಂಡು.